ಕಾಡು ಈರುಳ್ಳಿ: ಗುರುತು, ವಿಷಗುಣ ಮತ್ತು ನಿರ್ವಹಣೆ

ಕಾಡು ಈರುಳ್ಳಿಯು (ಡ್ರಿಮಿಯ ಇಂಡಿಕ) ಒಣ ಪ್ರದೇಶದ ಮರಳು ಮಿಶ್ರಿತ ಹಾಗೂ ಕಲ್ಲು ನೆಲದಲ್ಲಿ ಬೆಳೆಯುವ ಬಹುವಾರ್ಷಿಕ ಗೆಡ್ಡೆ ಸಸ್ಯ. ಸಂಸ್ಕೃತದಲ್ಲಿ ವನಪಲಾಂಡು ಎಂದು ಹೆಸರು; ಹಳೆಯ ಗ್ರಂಥಗಳಲ್ಲಿ ಅರ್ಜೀನಿಯ ಇಂಡಿಕ ಎಂದು ದಾಖಲಾಗಿದೆ. ತಿಪಟೂರು, ಚಿಕ್ಕನಾಯಕನಹಳ್ಳಿ ಹಾಗೂ ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಕಡೆ ತೆಂಗಿನ ತೋಟಗಳ ಆಚೆಗಿರುವ ಕೆಂಪು ಮರಳು ಮಣ್ಣಿನ ಬದು, ಬೀಳು, ಗೋಮಾಳಗಳು ಇದಕ್ಕೆ ಒಗ್ಗುವ ನೆಲೆಗಳು.

ಬೇಸಿಗೆಯಲ್ಲಿ ಒಂದೂ ಎಲೆಯಿಲ್ಲದೆ ನೆಲದಿಂದ ನೇರವಾಗಿ ಹೂದಂಡು ಏಳುತ್ತದೆ. ಅದರ ಮೇಲೆ ವಿರಳವಾಗಿ ಮಾಸಲು ಬಣ್ಣದ ಸಣ್ಣ ಹೂಗಳು ಜೋತಿರುತ್ತವೆ. ಹೂ ಮುಗಿದು ಮಳೆ ಬಿದ್ದ ನಂತರ ಎಲೆಗಳು ಬರುತ್ತವೆ. ಎಲೆ ಬಂದಾಗ ಇದು ಈರುಳ್ಳಿಯಂತೆ ಕಾಣುವುದರಿಂದಲೇ ಅಪಾಯ. ಅಡುಗೆಯ ಈರುಳ್ಳಿಯ ಎಲೆ ಒಳಗೆ ಟೊಳ್ಳು, ಇದರದು ಚಪ್ಪಟೆ. ಗೆಡ್ಡೆಯನ್ನು ಜಜ್ಜಿದರೆ ಈರುಳ್ಳಿಯ ಘಾಟು ಬರುವುದಿಲ್ಲ. ಸೂಜಿಯಾಕಾರದ ಹರಳುಗಳಿರುವ ಇದರ ರಸ ತಗುಲಿದರೆ ಚರ್ಮ ತುರಿಸುತ್ತದೆ, ಬರಿಗೈಯಲ್ಲಿ ಪರೀಕ್ಷಿಸಬಾರದು.

ಗೆಡ್ಡೆಯಲ್ಲಿರುವ ಸಿಲ್ಲಾರೆನ್ ಮುಂತಾದ ಗ್ಲೈಕೋಸೈಡ್‌ಗಳು ನೇರವಾಗಿ ಹೃದಯದ ಮೇಲೆ ವರ್ತಿಸುತ್ತವೆ. ಕಫ ನಿವಾರಕವಾಗಿ ಔಷಧಕೋಶಗಳಲ್ಲಿ ಇದಕ್ಕೆ ಸ್ಥಾನ ದೊರೆತಿದ್ದು ನಿಜ. ಆದರೆ ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಮನೆಮದ್ದಾಗಿ ಬಳಸುವುದನ್ನು ಸರ್ವಥಾ ಒಪ್ಪಲಾಗದು. ಕಹಿಯ ಕಾರಣ ದನಕರುಗಳು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಮುಂಗಾರಿನ ಮೊದಲಲ್ಲಿ ಬೇರೆ ಹಸಿರು ಮೇವು ಇಲ್ಲದಿದ್ದಾಗ ಮೇಯುವ ಸಾಧ್ಯತೆ ಹೆಚ್ಚು. ಭೇದಿ, ನಿಶ್ಶಕ್ತಿ, ಹೃದಯ ಬಡಿತದಲ್ಲಿ ಏರುಪೇರು ಕಂಡುಬಂದಲ್ಲಿ ತಡಮಾಡದೆ ಪಶುವೈದ್ಯರನ್ನು ಕರೆಸಿ, ಗಿಡದ ಮಾದರಿಯನ್ನೂ ತೋರಿಸಬೇಕು. ಮಕ್ಕಳು ತಿಂದಿದ್ದರೆ ಮನೆಯಲ್ಲಿ ವಾಂತಿ ಮಾಡಿಸಲು ಯತ್ನಿಸದೆ ಆಸ್ಪತ್ರೆಗೆ ಒಯ್ಯಬೇಕು.

ಹೂವಿನ ಕಾಲದಲ್ಲಿ ಗಿಡದ ಪಕ್ಕ ಗೂಟ ನೆಟ್ಟು, ಮೊದಲ ಮಳೆಗೆ ನೆಲ ಹದವಾದಾಗ ಗೆಡ್ಡೆಯನ್ನು ಇಡಿಯಾಗಿ ಅಗೆದು ತೆಗೆಯುವುದು ಸೂಕ್ತ. ರೋಟವೇಟರ್ ಹೊಡೆದರೆ ತುಂಡಾದ ಗೆಡ್ಡೆಯ ಪದರಗಳಿಂದಲೂ ಮರಿಗೆಡ್ಡೆಗಳು ಹುಟ್ಟಬಹುದು. ಕಿತ್ತದ್ದನ್ನು ಬದುವಿನ ಮೇಲೆ ಎಸೆಯಬಾರದು. ದನ ಮೇಯದ ಕಲ್ಲುಗುಡ್ಡಗಳಲ್ಲಿರುವ ಗಿಡಗಳನ್ನು ಕೀಳುವ ಅಗತ್ಯವಿಲ್ಲ. ಇದು ನಮ್ಮ ನೆಲದ್ದೇ ಸಸ್ಯ.

ತೆಂಗಿನ ಎಳೆಗಾಯಿ ಕಡಿಯುವ ಇಲಿಗೆ ಇದನ್ನು ಅರೆದು ಇಡಬಹುದೇ ಎಂದು ರೈತರು ಕೇಳುವುದುಂಟು. ಇಲಿಪಾಷಾಣವಾಗಿ ಬಳಕೆಯಲ್ಲಿದ್ದದ್ದು ಮೆಡಿಟರೇನಿಯನ್ ತೀರದ ಕೆಂಪು ಗೆಡ್ಡೆಯ ಬೇರೆ ಪ್ರಭೇದ. ಇಲಿಗೆ ವಾಂತಿ ಮಾಡಲಾಗದ್ದರಿಂದ ಅದು ಫಲಿಸುತ್ತಿತ್ತು. ನಮ್ಮ ಗೆಡ್ಡೆಯನ್ನು ಅಂದಾಜಿನಲ್ಲಿ ಅರೆದು ತೋಟದಲ್ಲಿ ಇಟ್ಟರೆ ನಾಯಿ, ಕೋಳಿಗಳು ಬಲಿಯಾಗಬಹುದು. ಇಲಿಗೆ ಕಾಂಡದ ಸುತ್ತ ನುಣುಪಾದ ತಗಡಿನ ಪಟ್ಟಿ ಕಟ್ಟುವುದೇ ಲೇಸು. ಅಕ್ಕಪಕ್ಕದ ಮರಗಳ ಗರಿ ಪರಸ್ಪರ ತಾಗುವ ತೋಟದಲ್ಲಿ ಮಾತ್ರ ಪಟ್ಟಿ ಅಷ್ಟಾಗಿ ಪ್ರಯೋಜನಕ್ಕೆ ಬಾರದು.