ಲೆಸ್ಸಿಂಗ್ ಕಂಡ ಕಂದಕ

ಕ್ರೈಸ್ತ ದೇವತಾಶಾಸ್ತ್ರಕ್ಕೆ ಇತಿಹಾಸವೆಂಬುದು ಬಹುಕಾಲ ದೈವಸಂಕಲ್ಪದ ನಿರೂಪಣೆಯಾಗಿತ್ತು. ಫ್ರಾನ್ಸಿನ ಬಿಷಪ್ ಬೊಸ್ಯುಯೆ 1681ರಲ್ಲಿಯೂ ವಿಶ್ವಚರಿತ್ರೆಯನ್ನು ಸೃಷ್ಟಿಯಿಂದಲೇ ಆರಂಭಿಸಿದನು. ಈ ನಂಬಿಕೆಯ ಬುಡಕ್ಕೆ ಜ್ಞಾನೋದಯ ಯುಗದ ಪೆಟ್ಟು ಬಿದ್ದುದು ಜರ್ಮನಿಯಲ್ಲಿ.

ಹ್ಯಾಂಬರ್ಗಿನ ವಿದ್ವಾಂಸ ರೈಮಾರುಸ್ ಬೈಬಲ್ಲಿನ ಪವಾಡಗಳನ್ನೂ ಯೇಸುವಿನ ಪುನರುತ್ಥಾನವನ್ನೂ ಪ್ರಶ್ನಿಸಿ ಬರೆದುದನ್ನು ಬದುಕಿರುವವರೆಗೂ ಬಚ್ಚಿಟ್ಟಿದ್ದನು. ಅವನ ಮರಣಾನಂತರ, ವೋಲ್ಫೆನ್‌ಬ್ಯೂಟೆಲ್ ಗ್ರಂಥಾಲಯದ ಪಾಲಕನಾಗಿದ್ದ ಲೆಸ್ಸಿಂಗ್ 1774ರಿಂದ ಅದರ ಭಾಗಗಳನ್ನು ಲೇಖಕನ ಹೆಸರು ಮರೆಸಿ ಪ್ರಕಟಿಸತೊಡಗಿದನು. ಲೆಸ್ಸಿಂಗನ ಸ್ವಂತ ಪ್ರಶ್ನೆಯಾದರೋ ಇನ್ನೂ ತೀಕ್ಷ್ಣವಾದುದು. ಪವಾಡಗಳು ನಡೆದುವೆಂದೇ ಇಟ್ಟುಕೊಳ್ಳೋಣ. ನಮಗೆ ದಕ್ಕಿರುವುದು ಅವುಗಳ ವರದಿ ಮಾತ್ರ. ಒಮ್ಮೆ ಘಟಿಸಿದ ಚಾರಿತ್ರಿಕ ಸಂಗತಿ, ಬುದ್ಧಿಗಮ್ಯವಾದ ನಿತ್ಯಸತ್ಯಕ್ಕೆ ಪ್ರಮಾಣವಾಗುವುದು ಹೇಗೆ? ಈ ಕಂದಕವನ್ನು ತಾನು ದಾಟಲಾರೆನೆಂದು 1777ರಲ್ಲಿ ಅವನು ಬರೆದನು. ಮರುವರ್ಷವೇ ಬ್ರನ್ಸ್‌ವಿಕ್‌ನ ಡ್ಯೂಕ್ ಅವನ ಪ್ರಕಟಣಸ್ವಾತಂತ್ರ್ಯವನ್ನು ಕಿತ್ತುಕೊಂಡನು. (ಬಾಯಿ ಕಟ್ಟಿದ್ದರಿಂದಲೇ 1779ರ ‘ನಾಥಾನ್’ ನಾಟಕ ಸಾಹಿತ್ಯಕ್ಕೆ ದಕ್ಕಿತು.)

1780ರಲ್ಲಿ ಲೆಸ್ಸಿಂಗ್ ದೈವೀ ಪ್ರಕಟನೆಯನ್ನು ಮನುಕುಲದ ಶಿಕ್ಷಣವೆಂದು ಕರೆದನು: ಹಳೆಯ ಒಡಂಬಡಿಕೆ ಮೊದಲ ಪಾಠಪುಸ್ತಕ, ಹೊಸದು ಎರಡನೆಯದು. ಸಾಕ್ಷಿಯ ಸ್ಥಾನ ಕಳೆದುಕೊಂಡ ಇತಿಹಾಸ ಹೀಗೆ ಗುರುವಿನ ಸ್ಥಾನ ಪಡೆಯಿತು. ಆದರೆ ಬೆಳೆದ ವಿದ್ಯಾರ್ಥಿ ಪಾಠಪುಸ್ತಕವನ್ನು ಬದಿಗಿಡುವುದು ಸಹಜ. ಸಂಪ್ರದಾಯಸ್ಥರಿಗೆ ಈ ಸಮಾಧಾನ ಹಿಂದಿನ ಪ್ರಶ್ನೆಗಿಂತ ಅಪಾಯಕಾರಿಯಾಗಿತ್ತು. 1906ರಲ್ಲಿ ಶ್ವೈಟ್ಸರ್ ಚಾರಿತ್ರಿಕ ಯೇಸುವಿನ ಶೋಧದ ಕಥೆಯನ್ನು ರೈಮಾರುಸನಿಂದಲೇ ತೊಡಗಿದನು.