ಒತ್ತುಶಾವಿಗೆಯೊಳಗಿನ ಒತ್ತು

ಹಾಸನ ಸೀಮೆಯ ಅರಸೀಕೆರೆ, ಹಳೇಬೀಡು, ಬೇಲೂರು ಕಡೆಯ ಮನೆಗಳಲ್ಲಿ ಮುದ್ದೆ ಕಟ್ಟುತ್ತಾರೆ, ರೊಟ್ಟಿ ತಟ್ಟುತ್ತಾರೆ, ಕಾಯಿಹಾಲು ಹಿಂಡುತ್ತಾರೆ, ಶಾವಿಗೆ ಒತ್ತುತ್ತಾರೆ. ‘ಅಕ್ಕ, ಸಂಜೆಗೆ ಶಾವಿಗೆ ಒತ್ತೋಣ್ವಾ?’ ಎಂದು ಓರಗಿತ್ತಿ ಕೇಳಿದರೆ ಆ ಒಂದು ಕ್ರಿಯಾಪದದಲ್ಲೇ ಅಡುಗೆಯ ಅರ್ಧ ವಿವರ ಬಂದುಬಿಟ್ಟಿತು. ಹಿಟ್ಟು ಇದೆಯೇ ನೋಡಬೇಕು, ಅಟ್ಟದಿಂದ ಶಾವಿಗೆ ಒರಳು ಇಳಿಸಬೇಕು, ಇನ್ನೊಂದು ಜೊತೆ ಕೈ ಬೇಕು. ತಿಂಡಿಯ ಹೆಸರೂ ಆ ಕೆಲಸದಿಂದಲೇ ಬಂದಿದೆ: ಒತ್ತುಶಾವಿಗೆ.

ಒತ್ತುವುದು ಎಂದರೇನು ಎಂಬುದನ್ನು ಒರಳಿನ ಹತ್ತಿರ ಕೂತೇ ನೋಡಬೇಕು. ಅಕ್ಕಿ ಹಿಟ್ಟನ್ನು ಉಪ್ಪು ಹಾಕಿದ ಕುದಿನೀರಿಗೆ ಸುರಿದು, ಗಂಟಾಗದಂತೆ ತೊಳಸಿ, ಕೈಗೆ ಎಣ್ಣೆ ಸವರಿಕೊಂಡು ನಾದುತ್ತಾರೆ. ಒರಳಿನ ಬಾಯಿಗೆ ಹಿಡಿಸುವಷ್ಟು ದಪ್ಪದ ಉಂಡೆ ಕಟ್ಟಿ ಹಬೆಯಲ್ಲೋ ಕುದಿವ ನೀರಲ್ಲೋ ಮತ್ತೆ ಬೇಯಿಸುತ್ತಾರೆ. ಒರಳಿನ ತಳದಲ್ಲಿ ಸಣ್ಣ ಸಣ್ಣ ತೂತಿನ ಬಿಲ್ಲೆ ಇರುತ್ತದೆ. ಹಳೆಯ ಮರದ ಒರಳಾದರೆ ಒಬ್ಬರು ಮೇಲಿನ ದಿಂಡಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾರೆ. ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು, ಇಳಿಯುವ ಎಳೆಗಳು ಒಂದರ ಮೇಲೊಂದು ರಾಶಿ ಬೀಳದಂತೆ ತಟ್ಟೆಯನ್ನು ತಿರುಗಿಸುತ್ತಾ ಸುತ್ತಿಕೊಳ್ಳುತ್ತಾರೆ. ಮೂರು ಕಾಲಿನ ಲೋಹದ ಒರಳಿಗೆ ತಿರುಪಿನ ಹಿಡಿ ಇರುವುದರಿಂದ ಒಬ್ಬರೇ ತಿರುಗಿಸಬಹುದು. ಕೈ ತಿರುಗಿಸುತ್ತಿದ್ದರೂ ಬಾಯಿ ‘ಒತ್ತುತ್ತಿದ್ದೀನಿ’ ಎಂದೇ ಹೇಳುತ್ತದೆ.

ಉಂಡೆ ಬಿಸಿಯಾಗಿರುವಾಗಲೇ ಒರಳಿಗೆ ಬೀಳಬೇಕು ಎಂಬ ಅವಸರಕ್ಕೂ ಕಾರಣವಿದೆ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲೂಟನ್ ಅಂಟು ಇದೆ, ಅಕ್ಕಿಯಲ್ಲಿ ಅದಿಲ್ಲ. ಅಕ್ಕಿಯ ಪಿಷ್ಟ ನೀರು ಕುಡಿದು, ಬೆಂದು, ಅಂಟಾದಾಗ ಮಾತ್ರ ಎಳೆ ತುಂಡಾಗದೆ ಇಳಿಯುತ್ತದೆ. ಆರಿದರೆ ಅದೇ ಪಿಷ್ಟ ಬಿರುಸಾಗಿ, ಎಷ್ಟು ಒತ್ತಿದರೂ ಬಿಲ್ಲೆ ದಾಟುವುದಿಲ್ಲ. ಶಾವಿಗೆ ಒತ್ತುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಎಲ್ಲರ ದನಿಯೂ ಏರುವುದು ಇದಕ್ಕೇ. ಅರಸೀಕೆರೆ ರಾಗಿಯ ಸೀಮೆಯೂ ಹೌದಾದ್ದರಿಂದ ರಾಗಿ ಹಿಟ್ಟಿನ ಶಾವಿಗೆಯನ್ನೂ ಹೀಗೇ ಒತ್ತುತ್ತಾರೆ.

ಇದೇ ಎಳೆಗೆ ಊರೂರಿನಲ್ಲಿ ಬೇರೆ ಬೇರೆ ಹೆಸರಿದೆ. ಧಾರವಾಡದ ಕಡೆ ಗೋಧಿಯ ಶ್ಯಾವಿಗೆಯನ್ನು ಹೊಸೆಯುತ್ತಾರೆ, ಬೇಸಿಗೆಯ ಬಿಸಿಲಿಗೆ ಒಣಹಾಕುತ್ತಾರೆ. ದಕ್ಷಿಣ ಕನ್ನಡದಲ್ಲಿ ಅಕ್ಕಿಯ ಎಳೆ ಸೇಮಿಗೆ. ಕೊಡಗಿನಲ್ಲಿ ನೂಪುಟ್ಟು, ಅಂದರೆ ನೂಲಿನಂಥ ಪುಟ್ಟು. ತಮಿಳರ ಇಡಿಯಾಪ್ಪದಲ್ಲಿ ‘ಇಡಿ’ ಎಂದರೆ ಕುಟ್ಟುವುದು. ಕೊಡಗಿನವರು ಎಳೆಯನ್ನು ನೋಡಿ ಹೆಸರಿಟ್ಟರು, ತಮಿಳರು ಹಿಟ್ಟಿನ ಕುಟ್ಟಾಣಿಯನ್ನು ನೆನೆದರು, ಹಾಸನ ಸೀಮೆಯವರು ಒರಳಿನ ಮೇಲೆ ಬಿದ್ದ ಭಾರವನ್ನು ಹೆಸರಿನಲ್ಲಿ ಉಳಿಸಿಕೊಂಡರು.

ಹೀಗೆ ನೋಡಿದರೆ ಇಟಲಿಯ ಪಾಸ್ತಾ ಹೆಸರುಗಳು ಬಹುಮಟ್ಟಿಗೆ ಕಣ್ಣಿನವು. ವರ್ಮಿಚೆಲ್ಲಿ ಎಂದರೆ ಪುಟ್ಟ ಹುಳುಗಳು, ಒರೆಕಿಯೆತ್ತೆ ಎಂದರೆ ಪುಟ್ಟ ಕಿವಿಗಳು, ಫಾರ್ಫಾಲೆ ಎಂದರೆ ಚಿಟ್ಟೆಗಳು. ಕಾರ್ಖಾನೆಯ ಪಾಸ್ತಾವೂ ಒತ್ತಿದ್ದೇ: ಡ್ಯೂರಮ್ ಗೋಧಿಯ ರವೆಯನ್ನು ನೀರಲ್ಲಿ ಕಲಸಿ, ಹಸಿಯಾಗಿಯೇ ತೂತಿನ ಅಚ್ಚಿನ ಮೂಲಕ ಒತ್ತಿ, ಕತ್ತರಿಸಿ, ಒಣಗಿಸುತ್ತಾರೆ. ಕಂಚಿನ ಅಚ್ಚಿನಿಂದ ಬಂದ ಪಾಸ್ತಾ ತುಸು ತರಿತರಿಯಾಗಿದ್ದು ಮಸಾಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಇಟಲಿಯ ವೆನೆಟೊ ಪ್ರಾಂತ್ಯದ ಮನೆಗಳಲ್ಲಿ ಬಿಗೊಲಿ ಎಂಬ ದಪ್ಪ ಎಳೆಗೆ ಬಿಗೊಲಾರೊ ಎಂಬ ಒರಳಿದೆ. ಬೆಂಚಿಗೆ ಕೂರಿಸಿದ ಅದರ ಹಿಡಿಯನ್ನು ತಿರುಗಿಸಿ ಒತ್ತಬೇಕು. ಬೇಲೂರಿನ ಅಜ್ಜಿಯೊಬ್ಬರು ಅದನ್ನು ಕಂಡರೆ ಯಾತಕ್ಕೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಕೆಲಸದಿಂದಲೇ ಹೆಸರು ಪಡೆದದ್ದು ಅಲ್ಲಿ ಪೆಸ್ತೊ. ‘ಪೆಸ್ತಾರೆ’ ಎಂದರೆ ಕುಟ್ಟು, ಜಜ್ಜು. ಜಿನೋವಾದವರು ಅಮೃತಶಿಲೆಯ ಒರಳಿನಲ್ಲಿ ಮರದ ಒನಕೆಯಿಂದ ಬೇಸಿಲ್ ಎಲೆ, ಬೆಳ್ಳುಳ್ಳಿ, ಪೈನ್ ಬೀಜ, ಉಪ್ಪು, ಚೀಸ್, ಆಲಿವ್ ಎಣ್ಣೆಯನ್ನು ಜಜ್ಜಿ ಮಾಡುವ ಹಸಿರು ಚಟ್ನಿ ಅದು. ಆ ಬೇಸಿಲ್ ನಮ್ಮ ಕಾಮಕಸ್ತೂರಿ.

ಮತ್ತೆ ಒತ್ತಿಗೆ ಬರೋಣ. ಅಡುಗೆಮನೆಯಲ್ಲೇ ಅದಕ್ಕೆ ಬೇಕಾದಷ್ಟು ಕೆಲಸವಿದೆ: ಚಕ್ಕುಲಿ ಒತ್ತಬೇಕು, ಚಪಾತಿ ಒತ್ತಬೇಕು. ಹೊಸ ಚಪ್ಪಲಿ ಒತ್ತುತ್ತದೆ. ದಣಿದು ಬಂದವರ ಕಾಲು ಒತ್ತುತ್ತಾರೆ. ಬೇಲೂರಿನ ಚೆನ್ನಕೇಶವನ ಮಂಗಳಾರತಿಗೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕಾಲಿಗೆ ತಾಗಿದ ಪುಸ್ತಕವನ್ನೂ ಹಾಗೇ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮದುವೆಯ ಓಲಗದಲ್ಲಿ ನಾದಸ್ವರದ ಪಕ್ಕ ಒಂದೇ ಶ್ರುತಿ ಹಿಡಿದು ಊದುವ ವಾದ್ಯಕ್ಕೂ ಒತ್ತು ಎಂದೇ ಹೆಸರು. ಪಂಕ್ತಿಯಲ್ಲಿ ‘ಇನ್ನೊಂಚೂರು ಹಾಕಿಸ್ಕೊಳಿ ಭಾವ’ ಎನ್ನುವುದು ಒತ್ತಾಯ. ಕಷ್ಟ ಬಂದಾಗ ಬೆನ್ನಿಗೆ ನಿಲ್ಲುವುದು ಒತ್ತಾಸೆ. ಹತ್ತಿಕ್ಕುವ ಬಲವನ್ನೂ ಆತುಕೊಳ್ಳುವ ಬಲವನ್ನೂ ಒತ್ತಿನ ಮನೆಯ ಮಾತುಗಳೇ ಹೊತ್ತುಕೊಂಡಿವೆ.

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಗೋಡೆಯನ್ನು ಬಣ್ಣಿಸಲು ಕನ್ನಡದಲ್ಲಿ ‘ಒತ್ತೊತ್ತು’ ಎಂಬ ಮಾತು ತಾನಾಗಿ ಬರುತ್ತದೆ. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದರ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು; ಬಳಪದ ಕಲ್ಲಿನಲ್ಲಿ ಬೆರಳಿಡುವಷ್ಟು ಜಾಗ ಬಿಡದೆ ಒತ್ತೊತ್ತಾಗಿ ಕೆತ್ತಿದ್ದಾರೆ. ಪೈರು ಒತ್ತಾಗಿ ಬಂದಿದೆ ಎನ್ನುವಾಗಲೂ ಇದೇ ಮಾತು.

ಇನ್ನು ಶಾಲೆ. ಮಕ್ಕಳು ‘ಒತ್ತು’ ಎಂದು ಬರೆಯುವಾಗ ‘ತ’ಕ್ಕೆ ‘ತ’ ಒತ್ತು ಕೊಡುತ್ತಾರೆ. ಪದದೊಳಗೇ ಪದಾರ್ಥ ಕೂತಿದೆ. ತೆಲುಗಿನಲ್ಲೂ ಅಕ್ಷರದ ಕೆಳಗೆ ಕೂರುವುದು ಒತ್ತೇ. ಶಾವಿಗೆಗೆ ‘ಯ’ ಒತ್ತು ಕೊಟ್ಟರೆ ಧಾರವಾಡದ ಶ್ಯಾವಿಗೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಕ್ರಿ.ಶ. ಸುಮಾರು 450ರದೆಂದು ಹೇಳುವ 16 ಸಾಲಿನ ಶಾಸನದಲ್ಲೂ ಅಕ್ಷರಗಳ ಕಾಲಡಿಯಲ್ಲಿ ಒತ್ತಕ್ಷರಗಳಿವೆ.

ತಾಲ್ಲೂಕು ಕಚೇರಿಗೆ ಹೋದರೆ ಅಲ್ಲಿ ಹೆಬ್ಬೆಟ್ಟು ಒತ್ತುವುದೂ ಇದೆ, ಒತ್ತುವರಿಯೂ ಇದೆ. ಕಾಫಿ ಸೀಮೆಯ ಜಮೀನಿನ ಸುದ್ದಿಯಲ್ಲಿ, ಕೆರೆಯಂಗಳದ ಸುದ್ದಿಯಲ್ಲಿ ‘ಒತ್ತುವರಿ ತೆರವು’ ಎಂಬ ಜೋಡಿ ಮಾತು ಮತ್ತೆ ಮತ್ತೆ ಬರುತ್ತದೆ. ಫೋನು ಬಂದ ಮೇಲೆ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂಬ ದನಿ ಬಂತು. ಹಳೆಯ ಕ್ರಿಯಾಪದ ಗುಂಡಿಗೂ ಗಾಜಿನ ಪರದೆಗೂ ತಕರಾರಿಲ್ಲದೆ ಹೊಂದಿಕೊಂಡಿತು. ವೈದ್ಯರ ಚೀಟಿಯ ಬಿ.ಪಿ. ಪತ್ರಿಕೆಯಲ್ಲಿ ರಕ್ತದೊತ್ತಡವಾಯಿತು. ಕೆಲಸದ ಒತ್ತಡ ಎಂಬ ಮಾತಂತೂ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ.

ಅರಸೀಕೆರೆ ಜಂಕ್ಷನ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರಿನ ಮಾರ್ಗ ಸೇರುತ್ತದೆ. ಅಂಥ ಒತ್ತಡದ ಕೆಲಸ ಮುಗಿಸಿ ಅಲ್ಲಿ ಸಂಜೆಯ ರೈಲಿನಿಂದ ಇಳಿದು ಮನೆ ಸೇರಿದವರಿಗೆ ಹಿಟ್ಟು ತೊಳಸಿ, ಉಂಡೆ ಬೇಯಿಸಿ, ಒರಳು ಹೂಡುವಷ್ಟು ಹೊತ್ತಿರುವುದಿಲ್ಲ. ಅಂಗಡಿಯಲ್ಲಿ ಒಣ ಅಕ್ಕಿ ಶಾವಿಗೆಯ ಪೊಟ್ಟಣವಿದೆ, ಪಕ್ಕದಲ್ಲೇ ಪಾಸ್ತಾ ಕೂಡ ಇದೆ. ಪಾಸ್ತಾ, ಸಾಸೇಜು, ಪೆಸ್ತೊ ಸೇರಿಸಿ ಅರ್ಧ ಗಂಟೆಯೊಳಗೆ ಮುಗಿಸುವ ರಾತ್ರಿಯೂಟಕ್ಕೆ ಈ ಕಡೆಯ ಅಡುಗೆಮನೆಯಲ್ಲಿ ತೀರ ಹತ್ತಿರದ ನಂಟಿನ ಅಡುಗೆಯೊಂದಿದೆ: ಒಣ ಶಾವಿಗೆ, ಕೈಮ, ಹಸಿರು ಮಸಾಲೆ.

ಇಬ್ಬರಿಗೆ 200 ಗ್ರಾಂ ಕೈಮ ಸಾಕು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯೊಂದಿಗೆ ಹುರಿದು, ಮೆಣಸು, ಸೋಂಪಿನ ಪುಡಿ, ಉಪ್ಪು ಹಾಕಿ, ನೀರಿಂಗುವವರೆಗೆ ಬೇಯಿಸಿದರೆ ಸಾಸೇಜಿನ ಕೆಲಸ ಆಯಿತು. ಅಷ್ಟರಲ್ಲಿ ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ಹಿಡಿ ಪುದೀನ, ಹಸಿಮೆಣಸಿನಕಾಯಿ, ನಾಲ್ಕು ಚಮಚ ತೆಂಗಿನ ತುರಿ, ಹುರಿದ ಕಡಲೆಬೀಜ, ನಿಂಬೆರಸವನ್ನು ನೀರು ಸೋಕಿಯೂ ಸೋಕದಂತೆ ರುಬ್ಬಬೇಕು. ಒಣ ಶಾವಿಗೆಯನ್ನು ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಸಿನೀರಲ್ಲಿಟ್ಟು ಬಸಿದು, ಎರಡು ಚಮಚ ಎಣ್ಣೆಯಲ್ಲಿ ಸಡಿಲಿಸಿ, ಕೈಮಕ್ಕೆ ಬೆರೆಸಬೇಕು. ಹಸಿರು ಮಸಾಲೆ ಒಲೆ ಆರಿಸಿದ ಮೇಲೆಯೇ ಬೀಳಬೇಕು. ಜಿನೋವಾದವರು ಪೆಸ್ತೊವನ್ನು ಬೆಂಕಿಗೆ ಒಡ್ಡದಿರುವುದೂ ಇದಕ್ಕೇ. ಬೆಂಕಿ ತಾಗಿದರೆ ಸೊಪ್ಪಿನ ಹಸಿರು ಕಂದಿ, ಪರಿಮಳ ಹಾರಿಹೋಗುತ್ತದೆ. ಮಾಂಸ ತಿನ್ನದ ಮನೆಯಲ್ಲಿ ಕೈಮದ ಜಾಗಕ್ಕೆ ಬೆಂದ ಅವರೆಕಾಳು ಬಂದರೆ ಊಟ ಇನ್ನೂ ಬೇಗ ಆಗುತ್ತದೆ.

ಪೊಟ್ಟಣದ ಮೇಲೆ ‘ರೈಸ್ ವರ್ಮಿಸೆಲ್ಲಿ’ ಎಂದಿರಲಿ, ‘ಅಕ್ಕಿ ಶಾವಿಗೆ’ ಎಂದಿರಲಿ, ಒತ್ತು ಎಂಬ ಮಾತು ಅಲ್ಲಿ ಇರುವುದು ಕಡಿಮೆ. ಕಳೆದುಕೊಳ್ಳಬಾರದ ಮಾತದು. ‘ಒತ್ತುಶಾವಿಗೆ’ ಎಂದು ಕೇಳಿದ ಹತ್ತು ವರ್ಷದ ಹುಡುಗಿಗೂ ಅದನ್ನು ಹೇಗೆ ಮಾಡುತ್ತಾರೆಂದು ಅಂದಾಜಾಗುತ್ತದೆ. ವರ್ಮಿಸೆಲ್ಲಿ ಎಂದರೆ ಏನೂ ಹೊಳೆಯುವುದಿಲ್ಲ. ಪೊಟ್ಟಣ ತಯಾರಿಸುವವರು ಹೆಸರಿನ ಹಿಂದೆ ಆ ಎರಡಕ್ಷರ ಸೇರಿಸಿದರೆ ಖರ್ಚೇನೂ ಇಲ್ಲ. ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ಆ ಹೆಸರನ್ನೇ ಹೇಳಿ ಕೊಳ್ಳುತ್ತಾರೆ, ಹೆಚ್ಚಾಗಿ ಹಿತಕಿದ ಬೇಳೆ ಸಾರಿನ ಜೊತೆಗೆ. ಅರಸೀಕೆರೆಯ ಸಂತೆಗೆ ಸೊಗಡವರೆ ಬರುವ ಡಿಸೆಂಬರ್, ಜನವರಿಯಲ್ಲಿ ಮನೆಮನೆಯ ಭಾನುವಾರದ ಊಟವೂ ಇದೇ. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿತುಕಿ ಸಿಪ್ಪೆ ಬಿಡಿಸುವ ಕೆಲಸ ಸಾಮಾನ್ಯವಾಗಿ ಮಕ್ಕಳ ಪಾಲಿಗೆ, ಒರಳು ಒತ್ತುವ ಕೆಲಸ ತೋಳಿನಲ್ಲಿ ಬಲ ಇರುವವರ ಪಾಲಿಗೆ.