ಮೇಣದ ಬಳ್ಳಿ ಹೋಯಾ: ಮಳೆಗಾಲದಲ್ಲಿ ನೀರೇ ಶತ್ರು

ಮಲವಗೊಪ್ಪ (ಶಿವಮೊಗ್ಗ): ಅಂಗಳವಿಲ್ಲದ ಮನೆಯಲ್ಲಿ ಹಸಿರು ಕಾಣಬೇಕೆಂದರೆ ಕಿಟಕಿಯ ಸರಳಿಗೆ ಹಬ್ಬಿಸುವ ಕುಂಡದ ಬಳ್ಳಿಯೇ ಗತಿ. ಶಿವಮೊಗ್ಗ-ಭದ್ರಾವತಿ ಹೆದ್ದಾರಿಯ ಮಲವಗೊಪ್ಪದಲ್ಲಾಗಲಿ, ರಾಜ್ಯದ ಬೇರಾವುದೇ ನಗರದ ಬಡಾವಣೆಯಲ್ಲಾಗಲಿ ಈ ಜಾಗವನ್ನು ಸಾಮಾನ್ಯವಾಗಿ ಮನಿ ಪ್ಲಾಂಟ್ ಆಕ್ರಮಿಸಿಕೊಂಡಿರುತ್ತದೆ. ಅದಕ್ಕಿಂತ ಬಹಳ ನಿಧಾನವಾಗಿ ಬೆಳೆಯುವ, ಆದರೆ ನಕ್ಷತ್ರಾಕಾರದ ಪರಿಮಳಭರಿತ ಹೂಗೊಂಚಲುಗಳನ್ನು ಬಿಡುವ ಬಳ್ಳಿಯೊಂದಿದೆ. ಅದೇ ಹೋಯಾ. ಮೇಣದಲ್ಲಿ ಎರಕ ಹೊಯ್ದಂತೆ ಕಾಣುವ ಹೂಗಳಿಂದಾಗಿ ಇದಕ್ಕೆ ಮೇಣದ ಬಳ್ಳಿ ಎಂಬ ಹೆಸರೂ ಇದೆ. ಸರಿಯಾಗಿ ಸಾಕಿದರೆ ದಶಕಗಳ ಕಾಲ ಬಾಳುವ ಈ ಬಳ್ಳಿಗೆ ಮಲೆನಾಡಿನ ಅಂಚಿನ ಊರುಗಳಲ್ಲಿ ಕುತ್ತು ಬರುವುದು ಮಳೆಗಾಲದಲ್ಲಿ. ಸಾಕುವವರ ಅತಿಯಾದ ಅಕ್ಕರೆಯೇ ಅದಕ್ಕೆ ಮುಖ್ಯ ಕಾರಣ.

ಎಕ್ಕದ ಬಂಧು

ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಈ ಕುಲಕ್ಕೆ ಇಂಗ್ಲೆಂಡಿನ ಸಯನ್ ಹೌಸ್ ಉದ್ಯಾನದ ಮುಖ್ಯ ತೋಟಗಾರ ಥಾಮಸ್ ಹೊಯ್ ಅವರ ಹೆಸರನ್ನಿಟ್ಟರು. ನಮ್ಮ ರಸ್ತೆ ಬದಿಯ ಎಕ್ಕ ಹಾಗೂ ಹೋಯಾ ಒಂದೇ ಸಸ್ಯ ಕುಟುಂಬಕ್ಕೆ ಸೇರಿವೆ. ಕಾಂಡ ಚಿವುಟಿದಾಗ ಒಸರುವ ಬಿಳಿ ಹಾಲೇ ಈ ನಂಟಿಗೆ ಸಾಕ್ಷಿ. ಈ ಹಾಲು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲವಾದ್ದರಿಂದ ಕತ್ತರಿಸಿದ ಬಳಿಕ ಕೈ ತೊಳೆಯುವುದು ಲೇಸು.

ಮನೆಗಳಲ್ಲಿ ಹೆಚ್ಚಾಗಿ ಬೆಳೆಸುವ ಹೋಯಾ ಕಾರ್ನೋಸಾ ಪೂರ್ವ ಏಷ್ಯಾದ ಬಳ್ಳಿ. ಆದರೆ ಹೋಯಾ ನಮಗೆ ಪೂರ್ಣ ಪರಕೀಯವೇನಲ್ಲ. ಪಶ್ಚಿಮ ಘಟ್ಟಗಳಲ್ಲಿ ಹೋಯಾ ವೈಟಿಯೈ, ಹೋಯಾ ಪಾಸಿಫ್ಲೋರಾ ಪ್ರಭೇದಗಳು ಮರಗಳನ್ನು ಅಪ್ಪಿಕೊಂಡು ಸಹಜವಾಗಿ ಬೆಳೆಯುತ್ತವೆ. ಹಾಗೆಂದು ಅವನ್ನು ಕಾಡಿನಿಂದ ಕಿತ್ತು ತರುವಂತಿಲ್ಲ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ತೆಗೆಯುವುದು ಅಪರಾಧ.

ಬೇರು ಕೊಳೆಯುವ ಬಗೆ

ಮರದ ತೊಗಟೆಗೆ ಅಂಟಿ ಬದುಕುವ ಈ ಬಳ್ಳಿಯ ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಹೋಯಾ ಕಾರ್ನೋಸಾ, ತೇವ ಉಳಿಸಲು ಹಗಲಿಗೆ ಬದಲಾಗಿ ಹೆಚ್ಚಾಗಿ ರಾತ್ರಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡ್ ಹೀರಿಕೊಳ್ಳುತ್ತದೆ. ಇಷ್ಟು ಮಿತವ್ಯಯಿ ಗಿಡಕ್ಕೆ ನಿತ್ಯ ಒಂದು ಚೊಂಬು ನೀರು ಸುರಿದರೆ ಆಗುವುದು ಅನಾಹುತವೇ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಶಿವಮೊಗ್ಗ-ಭದ್ರಾವತಿ ಭಾಗಕ್ಕೆ ದಕ್ಕುವುದು ಅದರ ಸಣ್ಣ ಪಾಲು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ವಾತಾವರಣ ಹಾಗೂ ಗಾಳಿಯ ತೇವದಿಂದಾಗಿ ಕುಂಡ ಒಣಗುವುದೇ ಇಲ್ಲ. ಸೂರಿನಡಿ ಇಟ್ಟ ಕುಂಡಕ್ಕೂ ಇದು ಅನ್ವಯಿಸುತ್ತದೆ.

ಗೊಂದಲವಾಗುವುದು ಇಲ್ಲಿಯೇ. ನೀರಿಲ್ಲದೆ ಬಳಲಿದಾಗಲೂ ಹೋಯಾ ಎಲೆ ಸುಕ್ಕುಗಟ್ಟುತ್ತದೆ. ಬೇರು ಕೊಳೆತು ನೀರು ಹೀರಲಾರದಾದಾಗಲೂ ಸುಕ್ಕುಗಟ್ಟುತ್ತದೆ. ಎರಡನೆಯದನ್ನು ಮೊದಲನೆಯದೆಂದು ಭಾವಿಸಿ ಮತ್ತಷ್ಟು ನೀರೆರೆದರೆ ವಾರಗಳಲ್ಲಿ ಬಳ್ಳಿಯ ಕಥೆ ಮುಗಿಯುತ್ತದೆ. ಆದ್ದರಿಂದ ಎಲೆಯನ್ನಷ್ಟೇ ನಂಬದೆ ಕುಂಡದೊಳಕ್ಕೆ ಎರಡು ಅಂಗುಲ ಬೆರಳಿಳಿಸಿ ನೋಡಬೇಕು. ಎಲೆ ಮೃದುವಾಗಿ ಬಾಗಿ, ಒಳಗೂ ಒಣಗಿದ್ದರೆ ನೀರು ಕೊಡಬಹುದು. ಎಲೆ ಬಿರುಸಾಗಿದ್ದರೆ ಕಾಯುವುದೇ ಸರಿ. ಎಲೆ ಸುಕ್ಕುಗಟ್ಟಿಯೂ ಕುಂಡ ಒದ್ದೆಯಾಗಿದ್ದರೆ ಬೇರು ಕೊಳೆತಿರುವ ಸಂಭವ ಹೆಚ್ಚು. ಆಗ ಗಿಡವನ್ನು ಹೊರತೆಗೆದು ಕಪ್ಪಾದ ಬೇರುಗಳನ್ನು ಕತ್ತರಿಸಿ, ಹೊಸ ಒಣ ಮಿಶ್ರಣದಲ್ಲಿ ನೆಡಬೇಕು. ಬೇರೆಲ್ಲ ಹಾಳಾಗಿದ್ದರೂ ಆಸೆ ಬಿಡಬೇಕಿಲ್ಲ. ಎರಡು-ಮೂರು ಗೆಣ್ಣುಗಳಿರುವ ಆರೋಗ್ಯವಂತ ಕಾಂಡದ ತುಂಡು ಕತ್ತರಿಸಿ, ಹಾಲು ಒಣಗಿದ ಮೇಲೆ ಗೆಣ್ಣೊಂದನ್ನು ಹೂತರೆ ಕೆಲವು ವಾರಗಳಲ್ಲಿ ಹೊಸ ಬೇರು ಬರುತ್ತದೆ.

ಕುಂಡ, ಬೆಳಕು

ಕೆಂಪು ಮಣ್ಣು, ಗದ್ದೆಯ ಜಿಗುಟು ಮಣ್ಣು ಇದಕ್ಕೆ ಸಲ್ಲದು. ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಇದ್ದಿಲ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ ಒಂದು ಪಾಲು ಬೆರೆಸಿದರೆ ಸಾಕು. ತಳದಲ್ಲಿ ತೂತುಗಳಿರುವ ಮಣ್ಣಿನ ಕುಂಡ ಉತ್ತಮ. ಅಡಿಯ ತಟ್ಟೆಯಲ್ಲಿ ನೀರು ನಿಲ್ಲಬಾರದು. ಬೇರು ತುಸು ಇಕ್ಕಟ್ಟಿನಲ್ಲಿದ್ದರೂ ಬಳ್ಳಿಗೆ ತೊಂದರೆಯಿಲ್ಲವಾದ್ದರಿಂದ ವರ್ಷವರ್ಷವೂ ಕುಂಡ ಬದಲಿಸುವುದು ಅನಗತ್ಯ.

ಪೂರ್ವದ ಕಿಟಕಿಯ ಎಳೆಬಿಸಿಲು ಪ್ರಶಸ್ತ. ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟುವ ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಎಲೆ ಸುಡುತ್ತದೆ. ಹೆದ್ದಾರಿ ಬದಿಯ ಮನೆಗಳಲ್ಲಿ ಎಲೆಗಳ ಮೇಲೆ ಧೂಳು ಕೂರುವುದು ಸಹಜ; ಒದ್ದೆ ಬಟ್ಟೆಯಿಂದ ಒರೆಸಬೇಕು.

ಕತ್ತರಿಗೆ ವಿರಾಮ

ಹೂ ಬಿಡಲು ಹೋಯಾ ಎರಡು-ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಈ ನಡುವೆ ಎಲೆಯಿಲ್ಲದ ಉದ್ದನೆಯ ಕುಡಿಗಳು ಚಾಚಿಕೊಂಡಾಗ ಒಣಗಿದವೆಂದು ತಿಳಿದು ಕತ್ತರಿಸುವವರುಂಟು. ಬಳ್ಳಿ ಆಸರೆ ಹುಡುಕುವುದೇ ಈ ಕುಡಿಗಳಿಂದ; ಎಲೆಗಳು ತಡವಾಗಿ ಮೂಡುತ್ತವೆ. ಹೂ ಉದುರಿದ ಬಳಿಕ ಉಳಿಯುವ ಗಿಡ್ಡ ತೊಟ್ಟನ್ನೂ ಮುರಿಯಬಾರದು. ಮುಂದಿನ ಗೊಂಚಲು ಅದೇ ತೊಟ್ಟಿನಿಂದಲೇ ಬರುತ್ತದೆ.

ಎಳೆಗುಡಿಗೆ ಹಳದಿ ಗಿಡಹೇನು (ಎಕ್ಕದ ಮೇಲೆ ಕಾಣುವುದೇ), ಗೆಣ್ಣಿಗೆ ಹಿಟ್ಟುತಿಗಣೆ ಬರಬಹುದು. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಕೊಳ್ಳುವಾಗ ಎಚ್ಚರ

ಪ್ರೇಮಿಗಳ ದಿನದ ಆಸುಪಾಸಿನಲ್ಲಿ ಹೃದಯಾಕಾರದ ಒಂಟಿ ಎಲೆ ನೆಟ್ಟ ಪುಟ್ಟ ಕುಂಡಗಳು ಮಾರಾಟಕ್ಕೆ ಬರುತ್ತವೆ. ಇದು ಹೋಯಾ ಕೆರಿಯೈ ಎಂಬ ಪ್ರಭೇದ. ಎಲೆಗೆ ಬೇರು ಬಂದು ವರ್ಷಗಟ್ಟಲೆ ಹಸಿರಾಗಿಯೇ ಇರುತ್ತದೆ, ಆದರೆ ಕಾಂಡದ ಗೆಣ್ಣಿಲ್ಲದಿದ್ದರೆ ಅದರಿಂದ ಬಳ್ಳಿ ಎಂದೂ ಹೊರಡದು. ಬಳ್ಳಿ ಬೇಕೆನ್ನುವವರು ಎಲೆಯ ಬುಡದಲ್ಲಿ ಕಾಂಡದ ತುಂಡೂ ಗೆಣ್ಣೂ ಇರುವುದನ್ನು ನೋಡಿಯೇ ಹಣ ಕೊಡಬೇಕು.